ಜಮಾ ಕಾಲಂನಲ್ಲಿದ್ದ ಕಾಫಿ

ನವೆಂಬರ್ ಕೊನೆಯ ವಾರ ಅಪ್ಪ ಫೋನ್ ಮಾಡಿ, ‘ಹಿಂದಿನ ಮಾಳಿಗಿ ಕೂತೈತಿ, ಬಂದು ಹೋಗು’ ಎಂದ. ನಮ್ಮ ಮನೆಯಲ್ಲಿ ಮಾಳಿಗೆ ‘ಬಿತ್ತು’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವಯಸ್ಸಾದವರು ದಣಿದು ಕೂತಂತೆ ಅದೂ ಕೂರುತ್ತದೆ. ನಾನಾಗ ಧಾರವಾಡದ ಬಾಡಿಗೆ ಕೋಣೆಯಲ್ಲಿ ಸಂವಿಧಾನದ ವಿಧಿಗಳನ್ನು ನಾಲ್ಕನೇ ಸಲ ಬಾಯಿಪಾಠ ಮಾಡುತ್ತಿದ್ದೆ. ಅಪ್ಪನ ಮಾತು ಕೇಳಿ ನನಗೆ ಮೊದಲು ಬಂದದ್ದು ಮನೆಯ ಚಿಂತೆಯಲ್ಲ, ‘ಓದು ಹಾಳಾಯಿತಲ್ಲ’ ಎಂಬ ಸಿಟ್ಟು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಈ ಪುಟ ಓದುವ ನನ್ನ ವಯಸ್ಸಿನ ಬಹಳ ಮಂದಿಗೆ ಆ ಸಿಟ್ಟಿನ ಪರಿಚಯ ಇದ್ದೇ ಇರುತ್ತದೆ.

ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಹಳ್ಳಿ ನಮ್ಮದು. ಮನೆ ಅಜ್ಜ ಕಟ್ಟಿಸಿದ ಮಣ್ಣಿನ ಮಾಳಿಗೆ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು ಸದೆ, ಅದರ ಮೇಲೆ ಒಂದಡಿ ಮಣ್ಣು. ಕಡೆಯ ಪದರ ಸವುಳು ಮಣ್ಣಿನದು. ಬೆಳೆ ಬಾರದ ಆ ಬಿಳಿ ಮಣ್ಣು ಮಳೆನೀರನ್ನು ಒಳಗೆ ಬಿಡುವುದಿಲ್ಲ. ಆದರೆ ಪ್ರತಿ ವರ್ಷ ಮುಂಗಾರಿಗೆ ಮೊದಲು ಹೊಸ ಮಣ್ಣು ಹೊತ್ತು ಹಾಕಿ, ಬಡಿದು, ಬಿರುಕು ಮುಚ್ಚಬೇಕು. ಮೂರು ವರ್ಷದಿಂದ ನಮ್ಮ ಮನೆಯಲ್ಲಿ ಆ ಕೆಲಸ ನಿಂತಿತ್ತು. ಅಪ್ಪನಿಗೆ ಮಂಡಿ ನೋವು, ಮಣ್ಣು ಹೊರಬೇಕಾದ ನಾನು ಧಾರವಾಡದಲ್ಲಿ. ಹಿಂಗಾರು ಮಳೆಯಲ್ಲಿ ನೆನೆದ ಹಿಂದಿನ ಕೋಣೆಯ ಜಂತೆಗಳು ಒಂದು ಮಧ್ಯಾಹ್ನ ಸುಮ್ಮನೆ ಕೈಬಿಟ್ಟವು. ಅವ್ವ ಹಿತ್ತಲಲ್ಲಿ ಶೇಂಗಾ ಬಿಡಿಸುತ್ತಿದ್ದುದರಿಂದ ಬದುಕಿದಳು.

ಮಣ್ಣು ತೆಗೆಯುವಾಗ ಸಿಕ್ಕಿದ್ದು ಅಜ್ಜನ ಕಬ್ಬಿಣದ ಟ್ರಂಕು. ಮೇಲ್ಮುಚ್ಚಳ ನಜ್ಜುಗುಜ್ಜಾಗಿದ್ದರೂ ಒಳಗಿನ ಕಾಗದಗಳು ಉಳಿದಿದ್ದವು. ನಾನು ಪರೀಕ್ಷೆಗೆ ಓದುವ ಹುಡುಗ, ಕಾಗದ ಕಂಡರೆ ಬಿಡುವುದಿಲ್ಲ. ಓದುತ್ತ ಕೂತಾಗ ಒಂದು ತಮಾಷೆ ಗೊತ್ತಾಯಿತು. ಅಜ್ಜ ಹುಟ್ಟಿದಾಗ ನಮ್ಮ ತಾಲ್ಲೂಕು ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರಿನಲ್ಲಿ ಬಳ್ಳಾರಿಯ ಜೊತೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾದಾಗ ಹರಪನಹಳ್ಳಿಯನ್ನು ಅಲ್ಲಿಗೆ ಸೇರಿಸಿದರು. ನನ್ನ ಜನನ ಪ್ರಮಾಣಪತ್ರ ಆ ಲೆಕ್ಕದ್ದು. ಮುಂದೆ ಮತ್ತೆ ಬಳ್ಳಾರಿಗೆ ಬಂದೆವು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಯವರ ಜೊತೆ ನಾವೂ ಹೊಸಪೇಟೆಯ ಬಸ್ಸು ಹತ್ತತೊಡಗಿದೆವು. ಮನೆ ಕೂತ ಜಾಗದಿಂದ ಒಂದು ಗೇಣು ಅಲುಗಲಿಲ್ಲ, ವಿಳಾಸ ಮಾತ್ರ ಊರೂರು ತಿರುಗಿ ಬಂತು.

ಇದು ಬರೀ ತಮಾಷೆಯೂ ಅಲ್ಲ. 2012ರ ತೊಂಬತ್ತೆಂಟನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂದಾಗ, ಆಗಿನ ಹೈದರಾಬಾದ್ ಕರ್ನಾಟಕದ ಆರು ಜಿಲ್ಲೆಗಳಲ್ಲಿ ಬಳ್ಳಾರಿ ಇತ್ತು, ದಾವಣಗೆರೆ ಇರಲಿಲ್ಲ. ಬದುವಿನ ಆಚೆಯ ಕೂಡ್ಲಿಗಿ ಸೀಮೆಯ ರೈತನ ಮಗನಿಗೆ ಸಿಕ್ಕ ಮೀಸಲಾತಿ, ಅದೇ ಮಳೆ ಅದೇ ಬರ ಕಂಡ ಈಚೆ ಹೊಲದವನ ಮಗನಿಗೆ ಸಿಗಲಿಲ್ಲ. ಹರಪನಹಳ್ಳಿಯವರು ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು, ಕೊನೆಗೆ ಪಡೆದರು. ಇಂದು ನಾನು ಅರ್ಜಿಯಲ್ಲಿ ಆ ಚೌಕಕ್ಕೆ ಟಿಕ್ ಹಾಕುವುದು ಅರ್ಧ ಸೆಕೆಂಡಿನ ಕೆಲಸ. ಬಂದ್ ದಿನ ಅಂಗಡಿ ಮುಚ್ಚಿ ಬೀದಿಯಲ್ಲಿ ಕೂತವರಲ್ಲಿ ಒಬ್ಬರ ಮುಖವೂ ಆ ಹೊತ್ತಿಗೆ ನೆನಪಾಗುವುದಿಲ್ಲ.

ಟ್ರಂಕಿನಲ್ಲಿ ಅಪ್ಪನ ಲೆಕ್ಕದ ಪುಸ್ತಕವೂ ಇತ್ತು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಮೆಕ್ಕೆಜೋಳ, ಶೇಂಗಾ, ಎಮ್ಮೆಕರು ಮಾರಿದ್ದು, ಸೊಸೈಟಿ ಸಾಲ. ಮೂರು ವರ್ಷ ಮೇ ತಿಂಗಳಲ್ಲಿ ‘ಮಾಳಿಗಿಗೆ’ ಎಂದು ಬರೆದು, ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ಧಾರವಾಡ’ ಎಂದು ಬರೆದಿದ್ದ. ಅದು ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಕೋಚಿಂಗ್ ಶುಲ್ಕ, ರೂಮಿನ ಬಾಡಿಗೆ, ಮೆಸ್ಸು. ನನ್ನ ತಲೆಯ ಮೇಲಿನ ಸೂರಿಗಾಗಿ ಅವ್ವನ ತಲೆಯ ಮೇಲಿನ ಸೂರಿಗೆ ಮಣ್ಣು ಬಿದ್ದಿರಲಿಲ್ಲ. ಆದರೆ ಎರಡು ವರ್ಷದ ಹಿಂದಿನ ಫೆಬ್ರುವರಿಯ ಒಂದು ಸಾಲು ಮಾತ್ರ ಬಗೆಹರಿಯಲಿಲ್ಲ. ಜಮಾ ಕಾಲಂನಲ್ಲಿ: ‘ಕಾಫಿ – 18,200’. ನಮ್ಮ ಮನೆಯಲ್ಲಿ ಕಾಫಿ ಕುಡಿಯುವವರೇ ಇಲ್ಲ, ಮೂರು ಹೊತ್ತೂ ಚಹಾ. ಬೆಳೆಯುವ ಮಾತಂತೂ ದೂರ. ಅಪ್ಪ ಯಾವುದೋ ಖರ್ಚನ್ನು ತಪ್ಪಿ ಜಮಾಕ್ಕೆ ಬರೆದಿರಬೇಕು ಎಂದುಕೊಂಡು ಪುಸ್ತಕ ಮುಚ್ಚಿಟ್ಟೆ.

ಮೇಸ್ತ್ರಿಯನ್ನು ಗೊತ್ತು ಮಾಡಿದ್ದು ಅವ್ವ. ಊರಿನಲ್ಲೇ ಕಡಿಮೆ ಕೂಲಿಗೆ ಬರುವವರಿದ್ದರು. ಅಪ್ಪನ ಮನಸ್ಸು ಅತ್ತಲೇ ಇತ್ತು. ಅವ್ವ ಮಾತ್ರ ‘ಹಗರಿಬೊಮ್ಮನಹಳ್ಳಿ ಕಡೇರು ಒಬ್ರು ಅದಾರ, ಅವರನ್ನೇ ಕರಸೂನು’ ಎಂದು ಹಟ ಹಿಡಿದಳು. ನಿನಗೆ ಹೇಗೆ ಪರಿಚಯ ಎಂದರೆ ‘ಗೊತ್ತು’ ಎಂದಷ್ಟೇ ಉತ್ತರ. ಬಂದವರು ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ನಾನು ಕೈಯಾಳಾಗಿ ನಿಂತೆ. ಒಬ್ಬರ ಕೂಲಿಯಾದರೂ ಉಳಿಯಲಿ ಎಂಬುದು ಅಪ್ಪನ ಲೆಕ್ಕ. ಮೊದಲ ದಿನ ಬಾಣಲಿ ಹೊತ್ತು ಸಂಜೆಗೆ ನನ್ನ ಕುತ್ತಿಗೆ ತಿರುಗುತ್ತಿರಲಿಲ್ಲ. ಎಂ.ಎಸ್ಸಿ. ಮುಗಿಸಿದ ನನಗೆ ತೂಕದ ಗುಂಡನ್ನು ದಾರ ಅಲುಗದಂತೆ ಹಿಡಿಯಲು ಬರುತ್ತಿರಲಿಲ್ಲ. ಗುರುತ್ವಾಕರ್ಷಣೆಯ ಬಗ್ಗೆ ಹತ್ತು ಅಂಕದ ಉತ್ತರ ಮಾತ್ರ ಬರೆಯಬಲ್ಲೆ.

ಜಗಳ ಶುರುವಾಗಿದ್ದು ಪಡಸಾಲೆಯ ವಿಷಯಕ್ಕೆ. ಹಿಂದಿನ ಕೋಣೆಗೆ ಹೇಗೂ ಆರ್‌ಸಿಸಿ ಹಾಕುತ್ತೇವೆ, ಸಾಲ ಮಾಡಿಯಾದರೂ ಪಡಸಾಲೆಯನ್ನೂ ಕೆಡವಿ ಪೂರ್ತಿ ಮನೆಗೆ ಮೌಲ್ಡ್ ಹಾಕಿಬಿಡೋಣ ಎಂದು ನಾನು ವಾದಿಸಿದೆ. ನಾಳೆ ನೌಕರಿ ಬಂದರೆ, ಹೆಣ್ಣು ನೋಡಲು ಯಾರಾದರೂ ಬಂದರೆ ಮಣ್ಣಿನ ಮಾಳಿಗೆ ತೋರಿಸುವುದೇ? ಓಣಿಯಲ್ಲಿ ಉಳಿದಿದ್ದೇ ಐದಾರು ಮಾಳಿಗೆ ಮನೆ. ತೊಲೆ, ಕಂಬ, ಹಳೆ ಬಾಗಿಲು ಕೊಳ್ಳುವವರು ಟೆಂಪೊ ತಗೊಂಡು ಊರೂರು ತಿರುಗುತ್ತಾರೆ, ಒಳ್ಳೆ ರೇಟೂ ಕೊಡುತ್ತಾರೆ. ಅಪ್ಪ ಅರ್ಧ ಒಪ್ಪಿದ್ದ.

ಮೇಸ್ತ್ರಿ ಏಣಿ ಹತ್ತಿ ನಡುತೊಲೆಯನ್ನು ಕರಣೆಯ ಹಿಡಿಯಿಂದ ಕುಟ್ಟಿ ನೋಡಿದರು. ‘ತಮ್ಮಾ, ಇದು ಇನ್ನೂ ಐವತ್ತು ವರ್ಷ ಬಾಳ್ತೈತಿ. ಕೆಟ್ಟಿದ್ದು ಹಿಂದಿನ ಕೋಣಿ. ಕೆಟ್ಟಿದ್ದು ಕೆಡವು, ಚಲೋ ಇದ್ದದ್ದು ಯಾಕ ಕೆಡವ್ತೀ?’ ಕೂಲಿ ಹೆಚ್ಚು ಸಿಗುವ ಕೆಲಸವನ್ನು ತಾನಾಗಿಯೇ ಬೇಡ ಎಂದ ಗುತ್ತಿಗೆದಾರನನ್ನು ನಾನು ನೋಡಿದ್ದು ಅದೇ ಮೊದಲು. ಆ ತೊಲೆಯ ಕತೆ ಅಪ್ಪ ಆಗ ಹೇಳಿದ. ಅಜ್ಜಿಯ ತವರು ತುಂಗಭದ್ರಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿ. ಆ ಹಳ್ಳಿಗಳ ಜನ ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆ ಹೊಸ ಊರು ಕಟ್ಟಿಕೊಂಡರು. ಅಜ್ಜಿಯ ಅಪ್ಪ ನೀರು ಬರುವ ಮೊದಲು ಮನೆ ಬಿಚ್ಚಿ ಮರಮಟ್ಟು ಸಾಗಿಸಿದ್ದರಂತೆ. ಅಜ್ಜ ಮನೆ ಕಟ್ಟುವಾಗ ಅದರಲ್ಲಿ ಒಂದು ತೊಲೆ ಬಂಡಿಯ ಮೇಲೆ ಬಂತು. ನಾನು ಟೆಂಪೊದವನಿಗೆ ಮಾರಲು ಹೊರಟಿದ್ದು ಅದನ್ನು.

ಹಾಗಂತ ಹಳೆಯದೆಲ್ಲ ಹೊನ್ನು ಎನ್ನುವ ಪೈಕಿ ನಾನಲ್ಲ. ಮಾಳಿಗೆ ಮನೆ ತಂಪು, ಸುಂದರ ಎಂದು ನಗರದಿಂದ ಬಂದು ಫೋಟೊ ತೆಗೆಯುವವರು ಒಂದು ವರ್ಷ ಮಣ್ಣು ಹೊತ್ತು ನೋಡಲಿ. ಮಳೆಗಾಲದ ರಾತ್ರಿ ಬೆಳಕಿಂಡಿಗೆ ಬೋಗುಣಿ ಮುಚ್ಚಲು ಮೇಲೆ ಹತ್ತಿದ ಅವ್ವ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು. ಹಿಂದಿನ ಕೋಣೆಗೆ ಆರ್‌ಸಿಸಿ ಬಂದದ್ದು ನನಗೆ ಖುಷಿಯೇ. ಬದಲಾವಣೆ ಎಂದರೆ ಪೂರ್ತಿ ನೆಲಸಮ ಮಾಡಿ ಮೇಲೇಳಿಸುವುದು ಎಂದು ನಮ್ಮ ತಲೆಯಲ್ಲಿ ಕೂತಿದೆಯಲ್ಲ, ಅದರ ಬಗ್ಗೆ ಮಾತ್ರ ನನಗೆ ಈಗ ಅನುಮಾನ.

ಡಿಸೆಂಬರ್ 23ರಂದು ಮೌಲ್ಡ್ ಬಿತ್ತು. ಬೆಳಿಗ್ಗೆ ಆರಕ್ಕೆ ಶುರುವಾದ ಮಿಕ್ಸರ್ ಮಧ್ಯಾಹ್ನ ಎರಡಕ್ಕೆ ನಿಂತಿತು. ಮರುದಿನ ಮೇಸ್ತ್ರಿ ಮೇಲೆ ಸಣ್ಣ ಸಣ್ಣ ಬದು ಕಟ್ಟಿ, ಮಡಿ ಮಾಡಿ, ನೀರು ನಿಲ್ಲಿಸಿದರು. ‘ನಾಳೆ ನಾ ಬರಂಗಿಲ್ಲ, ಹಬ್ಬ ಐತಿ. ನೀರು ಆರಬಾರದು ನೋಡು. ಹತ್ತು ದಿನ ನಿಂದೇ ಜವಾಬ್ದಾರಿ. ಸಿಮೆಂಟು ಒಣಗಿ ಗಟ್ಟಿ ಆಗಲ್ಲ ತಮ್ಮಾ, ನೀರು ಕುಡುದು ಗಟ್ಟಿ ಆಗ್ತೈತಿ.’ ಇದರ ರಾಸಾಯನಿಕ ಕ್ರಿಯೆ ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಗೊತ್ತಿಲ್ಲದಿದ್ದುದು ‘ಹಬ್ಬ’. ಮೂರು ವಾರ ಒಟ್ಟಿಗೆ ಮಣ್ಣು ಹೊತ್ತರೂ ಅವರು ಕ್ರೈಸ್ತರೆಂದು ನನಗೆ ಆ ಸಂಜೆಯವರೆಗೆ ಗೊತ್ತಿರಲಿಲ್ಲ. ಅವರು ಮುಚ್ಚಿಟ್ಟಿರಲಿಲ್ಲ, ನಾನು ಏನನ್ನೂ ಕೇಳಿರಲಿಲ್ಲ.

ಇಲ್ಲೊಂದು ಮಾತು. ನಮ್ಮ ಸೀಮೆಯಲ್ಲಿ ಕ್ರಿಸ್‌ಮಸ್ ಎಂದರೆ ಬೆಂಗಳೂರಿನ ಬೀದಿದೀಪ, ಕೇಕಿನ ಅಂಗಡಿ ಎಂದೇ ಬಹಳ ಜನರ ಎಣಿಕೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕಿಟೆಲ್ ನಿಘಂಟು 1894ರದ್ದು ಎಂದು ಪರೀಕ್ಷೆಗೆ ಓದುವ ನಾವೆಲ್ಲ ಥಟ್ಟನೆ ಹೇಳುತ್ತೇವೆ. ಅದಕ್ಕೂ ಆರು ದಶಕ ಮೊದಲು, 1832ರಲ್ಲಿ, ಇದೇ ಬಳ್ಳಾರಿ ಮಿಷನ್ನಿನ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಬಂದಿತ್ತು ಎಂಬುದು ನನ್ನ ನೋಟ್ಸಿನಲ್ಲಿ ಇರಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಬಾರದ್ದು ನಮ್ಮ ಪಾಲಿಗೆ ನಡೆದೇ ಇಲ್ಲ.

ಇಪ್ಪತ್ತೈದರ ಬೆಳಿಗ್ಗೆ ಏಳು ಗಂಟೆಗೆ ಬೈಕ್ ಸದ್ದಾಯಿತು. ಹೊಸ ಬಿಳಿ ಅಂಗಿ ಹಾಕಿಕೊಂಡು ಮೇಸ್ತ್ರಿ ಏಣಿ ಹತ್ತುತ್ತಿದ್ದರು. ರಾತ್ರಿ ಪ್ರಾರ್ಥನೆ ಮುಗಿಸಿ, ಎರಡು ತಾಸು ಮಲಗಿ, ಅಷ್ಟು ದೂರದಿಂದ ನಮ್ಮ ಮೌಲ್ಡಿನ ಮೇಲೆ ನೀರು ನಿಂತಿದೆಯೋ ಇಲ್ಲವೋ ನೋಡಲು ಬಂದಿದ್ದರು. ಒಂದು ಮೂಲೆಯ ಬದು ಒಡೆದು ನೀರು ಸೋರಿ ಹೋಗಿತ್ತು. ನಾನಿನ್ನೂ ಎದ್ದಿರಲಿಲ್ಲ. ಬೈಯಲಿಲ್ಲ. ಅಂಗಿಯ ತೋಳು ಮಡಚಿ, ಬದು ಕಟ್ಟಿ, ನಾಲ್ಕು ಕೊಡ ನೀರು ನನ್ನಿಂದ ಹೊರಿಸಿ, ‘ಮಧ್ಯಾಹ್ನ ಊಟಕ್ಕ ಬಾ, ಅಕ್ಕಾರನ್ನೂ ಕರಕೊಂಡು ಬಾ’ ಎಂದು ಹೊರಟರು. ಅವ್ವ ನೀರು ನೋಡಿಕೊಳ್ಳಲು ನಾನಿರುತ್ತೇನೆ ಎಂದು ನೆಪ ಹೇಳಿ, ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಟ್ಟಿ ನನ್ನೊಬ್ಬನನ್ನೇ ಕಳಿಸಿದಳು.

ಅವರ ಮನೆ ನೋಡಿ ಆಶ್ಚರ್ಯವಾಯಿತು. ಎರಡು ಕೋಣೆ, ಹಿಂದಿನ ಗೋಡೆಗೆ ಇನ್ನೂ ಗಿಲಾವು ಇಲ್ಲ, ಇಟ್ಟಿಗೆ ಹಾಗೇ ಕಾಣುತ್ತಿತ್ತು. ಊರವರ ಮನೆಯನ್ನೆಲ್ಲ ಕಟ್ಟುವವರ ಮನೆ ಹೀಗೆ. ‘ವರ್ಷಕ್ಕ ಒಂದು ಕೆಲಸ’ ಎಂದು ಅವರೇ ನಕ್ಕರು. ಪ್ರತಿ ಕ್ರಿಸ್‌ಮಸ್‌ಗೆ ಕೈಯಲ್ಲಿ ಎಷ್ಟಿರುತ್ತದೋ ಅಷ್ಟಕ್ಕೆ ಒಂದು ಕೆಲಸ ಮುಗಿಸುವುದು. ಒಂದು ವರ್ಷ ಬಾಗಿಲು, ಒಂದು ವರ್ಷ ನೆಲಕ್ಕೆ ಕಡಪ ಕಲ್ಲು, ಈ ವರ್ಷ ಮುಂದಿನ ಗೋಡೆಗೆ ಸುಣ್ಣಬಣ್ಣ. ಸಾಲ ಮಾಡಿ ಒಮ್ಮೆಗೇ ಮುಗಿಸಬಹುದಿತ್ತಲ್ಲ ಎಂದೆ. ‘ಮುಗಿಸಿದ್ರ ಮುಂದಿನ ಹಬ್ಬಕ್ಕ ಏನ್ ಮಾಡ್ಲಿ?’ ಎಂದರು. ಬಾಗಿಲಿಗೆ ನಕ್ಷತ್ರದ ಬುಟ್ಟಿ ತೂಗುತ್ತಿತ್ತು. ಒಳಗೆ ಮೂಲೆಯಲ್ಲಿ ಮಕ್ಕಳು ಗೋದಲಿ ಮಾಡಿದ್ದರು. ಅದರ ಪುಟ್ಟ ಚಾವಣಿಯ ಕಡ್ಡಿಗಳನ್ನು, ಮೇಲಿನ ಬಿಳಿ ಮಣ್ಣನ್ನು ಎಲ್ಲೋ ನೋಡಿದಂತಿತ್ತು. ‘ನಿಮ್ಮ ಮಾಳಿಗಿದೇ’ ಎಂದಳು ಅವರ ಸಣ್ಣ ಮಗಳು. ನಾವು ಹಳ್ಳಕ್ಕೆ ಸುರಿದ ಮಣ್ಣಿನಲ್ಲಿ ಒಂದು ಚೀಲ ಅವರು ತಂದಿದ್ದರು.

ಊಟಕ್ಕೆ ಬಡಿಸುತ್ತ ಅವರ ಮನೆಯವರು, ‘ನಿನ್ನ ಮೊದಲೇ ನೋಡೀನಪ್ಪ, ಫೋಟೋದಾಗ’ ಎಂದರು. ಎಲ್ಲಿ ಎಂದೆ. ‘ನಿಮ್ಮವ್ವನ ಚೀಲದಾಗ. ಕಾಫಿ ತೋಟದಾಗ ಇಬ್ರೂ ಒಂದೇ ಲೈನ್ ಮನಿಯಾಗ ಇದ್ವಲ್ಲ. ದಿನಾ ಮಲಗಾಕ ಮುಂಚೆ ಮಗಾ ಸಾಹೇಬ ಆಗ್ತಾನ ಅಂತ ತೋರಸ್ತಿದ್ರು.’

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಎರಡು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಅವ್ವ ಚಿಕ್ಕಮ್ಮನ ಮಗಳ ಬಾಣಂತನಕ್ಕೆ ಹೋಗುತ್ತೇನೆ ಎಂದಿದ್ದಳು. ಫೋನ್ ಮಾಡಿದರೆ ಸಿಗ್ನಲ್ ಸಿಗುವುದಿಲ್ಲ ಎನ್ನುತ್ತಿದ್ದಳು. ನಾನೂ ಹೆಚ್ಚು ವಿಚಾರಿಸಲಿಲ್ಲ, ಪರೀಕ್ಷೆ ಹತ್ತಿರವಿತ್ತು. ಐವತ್ತೆರಡು ದಿನ. ದಿನಕ್ಕೆ 350 ರೂಪಾಯಿ. ಗುಣಿಸಿದರೆ 18,200. ಅಪ್ಪನ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಗುಳೆ ನಮಗೆ ಹೊಸ ಸುದ್ದಿಯಲ್ಲ. ಸುಗ್ಗಿ ಮುಗಿದ ಮೇಲೆ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಜನ ಚಿಕ್ಕಮಗಳೂರಿನ ಕಾಫಿ ಕೊಯ್ಲಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಮೂಟೆ ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ‘ಬಳ್ಳಾರಿ ಸೀಮೆಯ ವಲಸೆ: ಕಾರಣ ಮತ್ತು ಪರಿಹಾರ’ ಎಂದು ಪ್ರಬಂಧವನ್ನೂ ಬರೆದಿದ್ದೇನೆ, ಕೋಚಿಂಗ್ ಮೇಷ್ಟ್ರು ಅದನ್ನು ಮೆಚ್ಚಿ ಎಲ್ಲರೆದುರು ಓದಿಸಿದ್ದರು. ನಾನದನ್ನು ಬರೆದ ತಿಂಗಳು ಮತ್ತು ಅವ್ವ ತೋಟದಲ್ಲಿದ್ದ ತಿಂಗಳು ಒಂದೇ ಇರಬಹುದು.

ವಾಪಸ್ ಬಂದು ಕೇಳಿದೆ. ಯಾಕೆ ಹೇಳಲಿಲ್ಲ? ಅವ್ವ ನೀರಿನ ಕೊಡ ಕೆಳಗಿಡದೆ, ‘ಹೇಳಿದ್ರ ಓದು ಬಿಟ್ಟು ಬರ್ತಿದ್ದಿ’ ಎಂದಳು. ನಿಜ ಹೇಳಬೇಕೆಂದರೆ ನಾನು ಬರುತ್ತಿದ್ದೆನೋ ಇಲ್ಲವೋ ನನಗೇ ಖಾತ್ರಿಯಿಲ್ಲ. ಅದು ನನ್ನನ್ನು ಇನ್ನೂ ಕೊರೆಯುತ್ತದೆ.

ಈ ಪುಟದಲ್ಲಿ ನನ್ನ ಅಭಿಪ್ರಾಯ ಎಂದು ಹೇಳುವುದಾದರೆ ಇಷ್ಟು. ನಮ್ಮಲ್ಲಿ ಕೃತಜ್ಞತೆಯನ್ನು ಯಶಸ್ಸಿನ ದಿನಕ್ಕೆ ಎತ್ತಿಟ್ಟುಕೊಳ್ಳುವ ರೂಢಿ ಇದೆ. ರ‍್ಯಾಂಕ್ ಬಂದಾಗ, ನೇಮಕಾತಿ ಆದೇಶ ಕೈಗೆ ಬಂದಾಗ, ಸನ್ಮಾನದ ಶಾಲು ಹೊದ್ದು ‘ಎಲ್ಲ ತಂದೆ–ತಾಯಿಯ ಆಶೀರ್ವಾದ’ ಎನ್ನುತ್ತೇವೆ. ಅದಕ್ಕೆ ಚಪ್ಪಾಳೆಯೂ ಬೀಳುತ್ತದೆ. ಆದರೆ ಆಯ್ಕೆಯಾಗುವವರು ಕೆಲವರು, ಆಗದವರೇ ಬಹಳ. ಆಯ್ಕೆಯಾಗದ ನಾವು ಆ ಮಾತನ್ನು ಯಾವಾಗ ಹೇಳಬೇಕು? ನೌಕರಿ ಸಿಗದವನು ಮನೆಗೆ ಬರಲು ಹೆದರುತ್ತಾನೆ, ಹಬ್ಬಕ್ಕೂ ‘ಟೆಸ್ಟ್ ಸೀರೀಸ್ ಇದೆ’ ಎಂದು ರೂಮಿನಲ್ಲೇ ಉಳಿಯುತ್ತಾನೆ. ನಾನು ಎರಡು ದೀಪಾವಳಿ ಹಾಗೆ ಕಳೆದಿದ್ದೇನೆ. ಇದರಲ್ಲಿ ನಾಚಿಕೆ ಎಷ್ಟು, ಸ್ವಾರ್ಥ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಹಿರಿಯರ ಬಗ್ಗೆಯೂ ಒಂದು ತಕರಾರಿದೆ. ಮಕ್ಕಳ ಓದಿಗೆ ತೊಂದರೆಯಾಗಬಾರದೆಂದು ಮನೆಯ ಲೆಕ್ಕ ಮುಚ್ಚಿಡುವುದನ್ನು ನಾವು ತ್ಯಾಗ ಎಂದು ಕೊಂಡಾಡುತ್ತೇವೆ. ಗೊತ್ತಿದ್ದರೆ ನಾನು ಎರಡನೇ ವರ್ಷದ ಕೋಚಿಂಗ್ ಬಿಟ್ಟು ಕೊಟ್ಟೂರಿನ ಗ್ರಂಥಾಲಯದಲ್ಲಿ ಓದುತ್ತಿದ್ದೆ. ವರ್ಷಕ್ಕೊಂದು ಸಲ ಮಣ್ಣು ಹೊರಲು ಬರುತ್ತಿದ್ದೆ. ಇಪ್ಪತ್ತೈದು ದಾಟಿದ ಮಗನಿಗೆ ಜಮಾ–ಖರ್ಚು ತೋರಿಸುವುದರಿಂದ ಅವನ ಏಕಾಗ್ರತೆ ಕೆಡುವುದಿಲ್ಲ. ಕೆಟ್ಟರೂ ಮಾಳಿಗೆ ಕೂರುವುದಕ್ಕಿಂತ ಅದು ವಾಸಿ. ಅವ್ವನಿಗೆ ಈ ಮಾತು ಹೇಳಿದೆ, ಒಪ್ಪಲಿಲ್ಲ. ನಮ್ಮಿಬ್ಬರ ವಾದ ಇನ್ನೂ ಮುಗಿದಿಲ್ಲ.

ಹೊಸ ವರ್ಷದಲ್ಲಿ ಸೆಂಟ್ರಿಂಗ್ ಬಿಚ್ಚಿದರು. ಕೋಣೆಯಲ್ಲಿ ಹಸಿ ಸಿಮೆಂಟಿನ ವಾಸನೆ, ಮಾತಾಡಿದರೆ ಪ್ರತಿಧ್ವನಿ. ಅವ್ವ ಒಳಗೆ ಬಂದು ಮೇಲೆ ನೋಡಿ, ‘ಬೇಸಿಗ್ಯಾಗ ಕಾಯ್ತೈತಿ ಇದು’ ಎಂದಳು. ಅವಳ ಮಂಚ ಪಡಸಾಲೆಯಲ್ಲೇ, ನಡುತೊಲೆಯ ಕೆಳಗೇ ಉಳಿಯಿತು. ಹೊಸ ಕೋಣೆ ನನಗೆ ಬಂತು. ಧಾರವಾಡದ ರೂಮು ಬಿಟ್ಟಿದ್ದೇನೆ. ಇನ್ನೊಂದು ಸಲ ಪರೀಕ್ಷೆ ಬರೆಯುತ್ತೇನೆ, ಇಲ್ಲಿಂದಲೇ ಓದಿ. ಜನವರಿಯಲ್ಲಿ ಮೇಸ್ತ್ರಿ ಕೊಟ್ಟೂರಿನಲ್ಲಿ ಒಂದು ಮನೆ ಕೆಲಸ ಹಿಡಿದಾಗ ಒಂಬತ್ತು ದಿನ ಕೈಯಾಳಾಗಿ ಹೋದೆ. ಈಗ ತೂಕದ ಗುಂಡು ಹಿಡಿಯಲು ಬರುತ್ತದೆ. ಗಿಲಾವು ಇನ್ನೂ ಬರುವುದಿಲ್ಲ.

ಆ ಕೂಲಿ ಬಂದ ರಾತ್ರಿ ಅಪ್ಪನ ಪುಸ್ತಕ ತೆಗೆದು ಜಮಾ ಕಾಲಂನಲ್ಲಿ ಬರೆದೆ: ‘ಗಾರೆ ಕೆಲಸ, 9 ದಿನ – 4,500’. ಕೆಳಗೆ ತಿಂಗಳ ಮೊತ್ತವನ್ನೂ ಕೂಡಿಸಿಟ್ಟೆ. ಬೆಳಿಗ್ಗೆ ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದ. ಏನೂ ಹೇಳಲಿಲ್ಲ. ಕಿವಿಯ ಹಿಂದಿನ ಪೆನ್ನು ತೆಗೆದು, ಮೊತ್ತದಲ್ಲಿ ನಾನು ಮಾಡಿದ್ದ ನೂರು ರೂಪಾಯಿಯ ತಪ್ಪನ್ನು ತಿದ್ದಿ, ಪುಸ್ತಕ ಮುಚ್ಚಿ, ಎಮ್ಮೆಗೆ ಮೇವು ಹಾಕಲು ಹೋದ.